ಎಂಟನೇ ವಾರ್ಡ್

ಆಸ್ಪತ್ರೆಗೆ ಬಂದವರಿಗೆ ದಾರಿ ತೋರಿಸುವ ಪರದೆಯನ್ನು ಅವನು ಆರು ತಿಂಗಳು ಕೂತು ಮಾಡಿದ್ದ. ರೋಗಿಯ ಹೆಸರು ಟೈಪ್ ಮಾಡಿದರೆ ಸಾಕು, ಆ ಗಳಿಗೆಯಲ್ಲಿ ಅವರು ಎಲ್ಲಿದ್ದಾರೋ ಅಲ್ಲಿಯವರೆಗೆ ಹಸಿರು ಗೆರೆಯೊಂದು ಹರಿಯುತ್ತಿತ್ತು. ವಾರ್ಡು ಬದಲಾದರೆ ಗೆರೆಯೂ ತಾನೇ ಬದಲಾಗುತ್ತಿತ್ತು.

ನಕ್ಷೆ ನೋಡಿದ ದಿನ ಸೂಪರಿಂಟೆಂಡೆಂಟರು ಒಂದೇ ಒಂದು ತಕರಾರು ತೆಗೆದಿದ್ದರು.

"ಶವಾಗಾರ ಅಂತ ಬರೀಬೇಡ್ರೀ. ಓದಿದವರು ಇಲ್ಲೇ ಬಾಯಿ ಬಡ್ಕೊಂಡು ಕೂತ್ರೆ ಬೇರೆಯವರು ದಾರಿ ನೋಡೋದು ಹೇಗೆ?"

"ಎಂಟನೇ ವಾರ್ಡ್ ಅಂತ ಹಾಕ್ತೀನಿ ಸಾರ್. ಇರೋದೇ ಏಳು ವಾರ್ಡು, ಯಾರಿಗೆ ಗೊತ್ತಾಗುತ್ತೆ?"

"ಹೋಗಿ ನೋಡಿದ ಮೇಲೆ?"

"ಬಾಗಿಲವರೆಗಾದ್ರೂ ನೆಮ್ಮದಿಯಾಗಿ ನಡೀತಾರಲ್ಲ ಸಾರ್," ಎಂದು ಅವನು ನಕ್ಕಿದ್ದ.

ಉದ್ಘಾಟನೆಯ ದಿನ ಅವನ ತಾಯಿಯೂ ಅದೇ ಆಸ್ಪತ್ರೆಯ ಮೂರನೇ ವಾರ್ಡಿನಲ್ಲಿದ್ದಳು. ಮಂಡಿ ಆಪರೇಷನ್ ಆಗಿ ನಾಲ್ಕು ದಿನವಾಗಿತ್ತು. ಬೆಳಿಗ್ಗೆ ಇಡ್ಲಿ ತಿನ್ನಿಸಿ, ತಂಗಿಯನ್ನು ಜೊತೆಗೆ ಕೂರಿಸಿ ಬಂದಿದ್ದ. ಮೂರು ಗಂಟೆಯ ಭಾಷಣಗಳ ಉದ್ದಕ್ಕೂ ಜೇಬಿನಲ್ಲಿ ಫೋನು ನಡುಗುತ್ತಲೇ ಇತ್ತು. ತಂಗಿಗೆ ಎಲ್ಲದಕ್ಕೂ ಗಾಬರಿ ಎಂದುಕೊಂಡು ಅವನು ತೆಗೆಯಲಿಲ್ಲ.

"ಯಾರದ್ದಾದ್ರೂ ಹೆಸರು ಹಾಕಿ ತೋರಿಸಪ್ಪ," ಎಂದರು ಮಂತ್ರಿಗಳು.

"ನಮ್ಮಮ್ಮನ ಹೆಸರೇ ಹಾಕ್ತೀನಿ ಸಾರ್," ಎಂದು ಅವನು ಹೆಮ್ಮೆಯಿಂದ ಪುಟ್ಟತಾಯಮ್ಮ ಎಂದು ಟೈಪ್ ಮಾಡಿದ.

ಹಸಿರು ಗೆರೆ ಮೂರನೇ ವಾರ್ಡನ್ನು ದಾಟಿತು, ಲಿಫ್ಟಿನಲ್ಲಿ ಕೆಳಗಿಳಿಯಿತು, ಹಿಂಭಾಗದ ಓಣಿಯಲ್ಲಿ ತಿರುಗಿ ನಿಂತಿತು.

"ಎಂಟನೇ ವಾರ್ಡ್!" ಎಂದು ಮಂತ್ರಿಗಳು ಗಟ್ಟಿಯಾಗಿ ಓದಿದರು, ಎಲ್ಲರೂ ಚಪ್ಪಾಳೆ ತಟ್ಟಿದರು.