ಸಾಹೇಬರ ಮಾತ್ರೆ

ಸೊಸೆ ಬೆನ್ನು ತಿರುಗಿಸಿದ್ದೇ ತಡ, ಮಾವ ಬಟ್ಟಲಿನಲ್ಲಿದ್ದ ಎರಡೂ ಮಾತ್ರೆಗಳನ್ನು ಗುಳುಂ ಎನ್ನಿಸಿದರು. ಕಾಲ ಬುಡದಲ್ಲಿ ಕೂತಿದ್ದ ನಾಯಿಮರಿ ಪಿಳಿಪಿಳಿ ನೋಡಿತು.

“ಏನೋ ನೋಡ್ತೀಯಾ? ಎಲ್ಲಾ ನಿಂಗೇ ಬೇಕಾ?”

ಮರಿ ಮನೆಗೆ ಬಂದು ಎರಡು ತಿಂಗಳು. ಬಂದ ದಿನದಿಂದ ಮಾವನಿಗೆ ಹೊಟ್ಟೆಯುರಿ. ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿ ಈ ಮನೆ ಕಟ್ಟಿಸಿದವರು ತಾವು. ಮೆತ್ತನೆಯ ಹಾಸಿಗೆ ಮಾತ್ರ ಅದಕ್ಕೆ! ವಾರವಾರವೂ ಅದರ ತೂಕ ನೋಡುತ್ತಾರೆ. ತಾವು ಸೊರಗಿದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಉರಿ ತಾಳಲಾರದೆ ಅವರು ಅದಕ್ಕೆ ‘ಸಾಹೇಬರು’ ಎಂದು ಹೆಸರಿಟ್ಟಿದ್ದರು.

ಮೊದಲೆಲ್ಲ ಸೊಸೆ ಮಾವನ ಹಿಂದೆ ಅವರ ಮಾತ್ರೆ ಹಿಡಿದು ಬರುತ್ತಿದ್ದಳು. “ನಾನೇನು ರೋಗಿಷ್ಟನಾ?” ಎಂದು ಗದರಿಸಿ ಅಟ್ಟುತ್ತಿದ್ದರು. ಮರಿ ಬಂದ ಮೇಲೆ ಅವಳು ಕೇಳುವುದನ್ನೇ ಬಿಟ್ಟಳು. ಅದು ಇನ್ನಷ್ಟು ಉರಿಸಿತು. ಈಗ ದಿನಾ ಬೆಳಿಗ್ಗೆ ಮಾತ್ರೆಯ ಬಟ್ಟಲನ್ನು ಮಾವನ ಕುರ್ಚಿಯ ಪಕ್ಕದ ಕಿಟಕಿಯಲ್ಲಿಟ್ಟು, ಊರಿಗೆಲ್ಲ ಕೇಳುವಂತೆ ಹೇಳುತ್ತಾಳೆ: “ಬೆಳೆಯೋ ಮರಿ, ಮೂಳೆ ಗಟ್ಟಿ ಆಗ್ಬೇಕು. ಬಟ್ಟೆ ಒಣಹಾಕಿ ಬರ್ತೀನಿ ಮಾವ, ಸ್ವಲ್ಪ ನೋಡ್ಕೊಳ್ಳಿ.”

ಮಾವ ಚೆನ್ನಾಗಿಯೇ ನೋಡಿಕೊಂಡರು. ಅವಳು ಬಂದಾಗ “ತಿಂದಾಯ್ತಮ್ಮ” ಎನ್ನುವರು. ತಿಂದವರು ಯಾರೆಂದು ಅವಳು ಒಮ್ಮೆಯೂ ಕೇಳಲಿಲ್ಲ. ಮಾವನ ಹಳೆಯ ಮಂಡಿನೋವು ಇಳಿಯಿತು. ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯುವುದೇ ಮರೆತುಹೋಯಿತು. ಸಾಹೇಬರ ಪಾಲು ಮೈಗೆ ಹತ್ತಿತು ಎಂದು ಮಾವ ಮೀಸೆಯಡಿ ನಕ್ಕರು.

ಇವತ್ತು ಮಧ್ಯಾಹ್ನ ಮರಿ ಕುಂಟುತ್ತಾ ಬಂತು. ಮುಂಗಾಲು ಊರಲಾಗದೆ ಕುಂಯ್‌ಗುಟ್ಟಿ, ಬೇರೆಲ್ಲೂ ಹೋಗದೆ ಅವರ ಪಾದದ ಮೇಲೆಯೇ ತಲೆಯಿಟ್ಟು ಮಲಗಿತು. ಮಾವ ಬಗ್ಗಿ ಅದನ್ನು ಎತ್ತಿಕೊಂಡರು. ಬೆಳೆಯುವ ಮರಿಯ ಬಲವನ್ನೆಲ್ಲ ತಾವೇ ತಿಂದುಹಾಕಿದೆವಲ್ಲ ಎಂದು ಕಣ್ಣಲ್ಲಿ ನೀರು ಬಂತು.

ಪಶುವೈದ್ಯೆಯ ಮೇಜಿನ ಮುಂದೆ, ಸೊಸೆಯ ಮುಖ ನೋಡಲಾರದೆ ಬಾಯಿಬಿಟ್ಟರು. “ತಪ್ಪೆಲ್ಲ ನಂದು, ಡಾಕ್ಟ್ರೇ. ಇದರ ಮೂಳೆ ಮಾತ್ರೆ ಎರಡು ತಿಂಗಳಿಂದ ನಾನೇ ನುಂಗಿದೀನಿ. ಹೊಟ್ಟೆಕಿಚ್ಚು, ಇನ್ನೇನು! ಹೇಗಾದ್ರೂ ಮಾಡಿ ಇದರ ಕಾಲು ಉಳಿಸಿಕೊಡಿ.”

ವೈದ್ಯೆ ಮರಿಯ ಪಾದದಿಂದ ಸಣ್ಣ ಮುಳ್ಳೊಂದನ್ನು ಎಳೆದು ತೆಗೆದರು. ಮರಿ ಟಣ್ಣನೆ ನೆಗೆಯಿತು.

“ಮಾತ್ರೆನಾ? ಇದರ ಊಟದಲ್ಲೇ ಎಲ್ಲಾ ಇದೆ. ಮೇಲಿಂದ ಕೊಟ್ರೆ ಮೂಳೆಗೇ ತೊಂದರೆ. ನಾನು ಒಂದೂ ಬರೆದಿಲ್ಲ.”

ಮಾವ ಸೊಸೆಯತ್ತ ತಿರುಗಿದರು.

“ಅವು ನಿಮ್ಮ ಡಾಕ್ಟ್ರು ನಿಮ್ಮ ಮಂಡಿಗೆ ಬರೆದುಕೊಟ್ಟಿದ್ದು, ಮಾವ.”