ಒಂದೇ ಕೆಂಪು ಸಾಲು

"ಮೇಡಂ, ಮುದುಕಿ ಬಾಯಿ ಸೊಟ್ಟ ಆಗ್ಯಾದರೀ. ರಿಪೋರ್ಟ್ ಇನ್ನಾ ಬಂದಿಲ್ಲ!" ಕಮಲಾಪುರದ ಆಸ್ಪತ್ರೆಯಲ್ಲಿ ಸ್ಕ್ಯಾನ್ ತೆಗೆಯುವ ಅಕ್ರಮ್ ಫೋನಿನಲ್ಲಿ ಕೂಗುತ್ತಿದ್ದ. "ಮಿದುಳಾಗ ರಕ್ತ ಸೋರ್ಯಾದೋ, ಹೆಪ್ಪುಗಟ್ಟ್ಯಾದೋ ತಿಳೀಲಾರ್ದ ಡಾಕ್ಟರು ಸೂಜಿ ಹಿಡ್ಕೊಂಡು ನಿಂತಾರ."

"ತುರ್ತು ಅಂತ ಹಾಕೀರಿಲ್ರೀ?"

"ಹಾಕೀನ್ರೀ!"

ಆಸ್ಪತ್ರೆಗಳ ಸ್ಕ್ಯಾನ್ ಓದಿ ರಿಪೋರ್ಟ್ ಕಳಿಸುವ ಕಲಬುರಗಿಯ ಕಚೇರಿಯಲ್ಲಿ ಅಂಬಿಕಾ ಪರದೆ ನೋಡಿದಳು. ಸ್ಕ್ಯಾನ್ ಓದಲು ಕ್ಲೌಡ್‌ನಲ್ಲಿ ಬಾಡಿಗೆಗೆ ಹಿಡಿದ ಜಿಪಿಯು, ಅಂದರೆ ಚಿತ್ರಗಳನ್ನು ಸರಸರ ಸಂಸ್ಕರಿಸುವ ಕಂಪ್ಯೂಟರು, ಒಂದೇ; ಕಚೇರಿಯವರ ಕೆಲಸಗಳೆಲ್ಲ ಅದರಲ್ಲೇ ಒಂದಾದ ಮೇಲೊಂದು ಓಡಬೇಕು. ತುರ್ತಿನ ಕೆಲಸಕ್ಕೆ ಕೆಂಪು ಹಚ್ಚಬೇಕು, ಕೆಂಪಿದ್ದದ್ದು ಮೊದಲು ಓಡುತ್ತದೆ. ಆದರೆ ಕೆಂಪು ಹಚ್ಚದಿದ್ದರೆ ಸರದಿಯೇ ಬರುವುದಿಲ್ಲವೆಂದು ಕಚೇರಿಯವರೆಲ್ಲ ತಮ್ಮ ತಮ್ಮ ಕೆಲಸಕ್ಕೆ ಕೆಂಪೇ ಹಚ್ಚುತ್ತ ಬಂದಿದ್ದರು. ಪರದೆಯ ತುಂಬ ಕೆಂಪೋ ಕೆಂಪು. ಕಮಲಾಪುರ ಎಲ್ಲೋ ತಳದಲ್ಲಿತ್ತು. ಒಬ್ಬರ ಕೆಲಸವನ್ನು ಇನ್ನೊಬ್ಬರು ನಿಲ್ಲಿಸುವಂತೆಯೂ ಇರಲಿಲ್ಲ.

"ಇದರಾಗ ಯಾರದರೀ ಖರೇ ಅರ್ಜೆಂಟ್? ಅಲ್ಲೊಬ್ಬಾಕಿ ಸಾಯಾಕತ್ಯಾಳ!" ಅಂಬಿಕಾ ಎದ್ದು ನಿಂತು ಕೇಳಿದಳು.

"ನಂದೂ ಅರ್ಜೆಂಟೇ ಅದರೀ," ಎಂದ ಪಕ್ಕದ ಮೇಜಿನ ಯಶವಂತ, ತಲೆಯೆತ್ತದೆ. ಈಗ ಜಿಪಿಯು ಹಿಡಿದು ಕೂತ ಕೆಲಸ ಯಾರದೆಂದು ನೋಡಿದರೆ, ಅವಳದೇ: ತಂಗಿಯ ಮದುವೆಯ ವಿಡಿಯೊ ಸಿದ್ಧಪಡಿಸುವ ಕೆಲಸ. ಸಂಜೆ ಬೀಗರಿಗೆ ತೋರಿಸಬೇಕೆಂದು ಬೆಳಿಗ್ಗೆ ತಾನೇ ಕೆಂಪು ಹಚ್ಚಿದ್ದಳು.

"ಮೊದಲ ನಂದು ತೆಗೀತೀನಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ವಿಡಿಯೊದ ಕೆಲಸವನ್ನು ಸರದಿಯಿಂದ ತೆಗೆದುಹಾಕಿದಳು. ಕೂಡಲೇ ಮುಂದಿನ ಕೆಂಪು ಓಡತೊಡಗಿತು. ಅದು ಯಶವಂತನದು. ಅವಳು ಅವನನ್ನೇ ನೋಡುತ್ತ ನಿಂತಳು. ಅವನ ಮೌಸ್ ಟಕ್ಕೆಂದಿತು. ಆ ಸಾಲಿನ ಕೆಂಪು ಹೋಗಿ, ಅವನ ಕೆಲಸ ನಿಂತು ಹಿಂದಕ್ಕೆ ಸರಿಯಿತು. ಆಮೇಲೆ ಅದರ ಕೆಳಗಿನದು, ಅದರ ಕೆಳಗಿನದು.

ಅಂಬಿಕಾ ಫೋನನ್ನು ಕಿವಿಗೆ ಒತ್ತಿಕೊಂಡಳು. "ಅಕ್ರಮ್, ಫೋನ್ ಇಡಬ್ಯಾಡ್ರಿ. ಈಗ ನಿಮ್ದೊಂದೇ ಕೆಂಪು ಅದ."