ಗೆಂಡೆಮೀನಿಗೊಂದು ಮೆಟ್ಟಿಲು

ಪಂಚಾಕ್ಷರಪ್ಪ ಬೊಗಸೆ ಬೊಗಸೆ ಮಂಡಕ್ಕಿ ಎರಚುತ್ತಿದ್ದರೂ ಕಟ್ಟೆಯ ಬುಡದಲ್ಲಿ ಕಿಕ್ಕಿರಿದಿದ್ದ ಗೆಂಡೆಮೀನುಗಳಲ್ಲಿ ಒಂದೂ ಬಾಯಿ ಹಾಕಲಿಲ್ಲ. ಆರಿದ್ರಾ ಮಳೆಯ ಕೆಂಪು ಹೊಸನೀರು ವೇದಾವತಿಗೆ ಬಂದು ಎರಡು ದಿನವಾಗಿತ್ತು. ಮೀನುಗಳು ಚಂಗನೆ ನೆಗೆಯುತ್ತಿದ್ದವು, ಆಳೆತ್ತರದ ಕಲ್ಲುಕಟ್ಟೆಗೆ ಮೂತಿ ಬಡಿದು ಬೀಳುತ್ತಿದ್ದವು, ಮತ್ತೆ ನೆಗೆಯುತ್ತಿದ್ದವು.

"ನೋಡು ಜಂಪಣ್ಣ, ಮಂಡಕ್ಕಿ ಕಂಡ್ರೆ ಎಂಥ ಕುಣಿತ" ಎಂದು ಗಿರಣಿಯ ಆಳಿಗೆ ತೋರಿಸಿದ.

ಇರುವೆಯ ಗೂಡು ಕಂಡರೂ ಚಿಟಿಕೆ ಸಕ್ಕರೆ ಉದುರಿಸಿ ಮುಂದೆ ಹೋಗುವ ಶಿವಭಕ್ತ ಅವನು. ಶಿವನಸಮುದ್ರದಲ್ಲಿ ನೀರಿನ ಬಲದಿಂದ ದೀಪ ಉರಿಸುತ್ತಾರಂತೆ ಎಂದು ಕೇಳಿದ್ದೇ ತಡ, ಹೊಸದುರ್ಗದ ಕೆಳಗೆ ಹೊಳೆಗೆ ಅಡ್ಡ ಕಟ್ಟೆ ಕಟ್ಟಿಸಿ, ಕಬ್ಬಿಣದ ಚಕ್ರ ಕೂರಿಸಿ, ರಾಗಿ ಬೀಸುವ ಗಿರಣಿ ಹೂಡಿದ್ದ. ಕಟ್ಟೆಯ ಹತ್ತಿರ ಯಾರೂ ಬಲೆ ಬೀಸಕೂಡದೆಂದು ಕಟ್ಟಪ್ಪಣೆ ಬೇರೆ. ಹೋದ ವರ್ಷವೂ ಮೀನು ಹೀಗೇ ಸೇರಿದಾಗ ತನ್ನ ಪುಣ್ಯ ಏರುತ್ತಿದೆ ಎಂದೇ ಹಿಗ್ಗಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು, ಕಟ್ಟಿದವನಿಗೆ ಕಟ್ಟೆ.

ಮೇಲಿನ ಹಟ್ಟಿಯ ಬೆಸ್ತರ ಹುಲಿಗೆಮ್ಮ ಬಹಳ ಹೊತ್ತಿನಿಂದ ದಡದಲ್ಲಿ ನಿಂತು ಇದನ್ನು ನೋಡುತ್ತಿದ್ದಳು.

"ಅವು ಉಣ್ಣಾಕೆ ಬಂದಿಲ್ಲ ಗೌಡ್ರೆ. ಹೊಟ್ಟೆ ತುಂಬ ಮೊಟ್ಟೆ ಹೊತ್ಕಂಡು ಕೆಳಗಿನ ಮಾರಿಕಣಿವೆ ಕೆರೆಯಿಂದ ಈಜ್ಕಂಡು ಬಂದವೆ. ಮೇಲಿನ ಮಡುವಿಗೆ ಹೋಗಿ ಮೊಟ್ಟೆ ಇಡ್ಬೇಕು. ನಿಮ್ಮ ಕಟ್ಟೆ ದಾಟಾಕೆ ಆಗ್ತಿಲ್ಲ."

"ಮತ್ತೆ ನನ್ನ ಮಂಡಕ್ಕಿ?"

"ಬಸುರಿ ಬಂದು ಬಾಗಿಲು ಬಡಿದ್ರೆ ಮಂಡಕ್ಕಿ ಎರಚ್ತಾರೇನ್ರಿ? ಬರ್ರಿ ಇಲ್ಲಿ."

ಅವಳು ಅವನನ್ನು ಗಿರಣಿಯ ಹಿಂದಕ್ಕೆ ಕರೆದೊಯ್ದಳು. ಚಕ್ರದಿಂದ ಹೊರಬೀಳುವ ನೀರಿನ ಸೆಳವು ಜೋರಾಗಿತ್ತು. ದಾರಿ ಅಲ್ಲೇ ಇದೆಯೆಂದು ನಂಬಿ ಮೀನುಗಳು ಅದಕ್ಕೇ ಎದುರು ಈಜಿ ಚಕ್ರಕ್ಕೆ ಸಿಕ್ಕುತ್ತಿದ್ದವು. ಕಾಲುವೆಯ ಅಂಚಿನಲ್ಲಿ ನಲವತ್ತೋ ಐವತ್ತೋ ಸತ್ತು ಬಿದ್ದಿದ್ದವು, ಸೀಳಿದ ಹೊಟ್ಟೆಗಳಿಂದ ಹಳದಿ ಮೊಟ್ಟೆ ಸೋರುತ್ತಿತ್ತು. ಪಂಚಾಕ್ಷರಪ್ಪ ಅವುಗಳ ಮುಂದೆ ಕುಕ್ಕರಿಸಿದ. ಬಲೆ ಹಿಡಿದವರನ್ನು ಕಟುಕರೆಂದು ಬೈದಿದ್ದವನು ತಾನು. ಅವರೆಲ್ಲರಿಗಿಂತ ಹೆಚ್ಚು ಕೊಂದವನೂ ತಾನೇ.

"ಹೋದ ವರ್ಷ ಮೇಲಿನ ಮಡುಗಳಾಗೆ ಒಂದು ಮರೀನೂ ಕಾಣ್ಲಿಲ್ಲ" ಎಂದಳು ಹುಲಿಗೆಮ್ಮ. "ನಮ್ಮ ಹನ್ನೆರಡು ಮನೆ ಅವನ್ನೇ ನಂಬ್ಕಂಡವೆ. ನಾಳೆ ಹೊತ್ತಿಗೆ ನೀರು ಇಳಿತೈತೆ. ಇವತ್ತು ಹತ್ತದಿದ್ರೆ ಈ ವರ್ಷನೂ ಇಲ್ಲ."

"ಕಟ್ಟೆ ಒಡೀಬೇಕು ಅಂತೀಯ?"

"ಕಟ್ಟೆ ಇರ್ಲಿ. ದಡದ ಅಂಚಿಗೆ ಒಂದು ಮಾರಗಲ ಕಿತ್ತು, ಕಲ್ಲು ಜೋಡ್ಸಿ ಮೆಟ್ಲು ಮೆಟ್ಲು ಮಾಡ್ರಿ. ಒಂದೊಂದ್ರಾಗೂ ಒಂದಿಷ್ಟು ನೀರು ನಿಲ್ಲಬೇಕು, ಅವು ಸುಧಾರಿಸ್ಕಳಾಕೆ. ಚಕ್ರದ ತೂಬು ಮುಚ್ರಿ. ನೀರು ಎತ್ತ ಜೋರೋ ಮೀನು ಅತ್ತ."

ಜಂಪಣ್ಣ ತಲೆ ಕೆರೆದುಕೊಂಡ. "ಶ್ರೀರಾಂಪುರದ ಗಾಡಿ ಬಂದು ನಿಂತವೆ ಗೌಡ್ರೆ, ಇಪ್ಪತ್ತು ಚೀಲ ರಾಗಿ. ನೀರಿದ್ದಾಗ ಬೀಸದಿದ್ರೆ..."

"ಬೀಸೋ ಕಲ್ಲು ಅವರ ಮನ್ಯಾಗೂ ಐತೆ. ತೂಬು ಮುಚ್ಚು" ಎಂದ ಪಂಚಾಕ್ಷರಪ್ಪ.

ಗಾಡಿಯವರು ಗೊಣಗುತ್ತಲೇ ಕಲ್ಲು ಹೊರಲು ಬಂದರು. ಹೊತ್ತು ಪಡುವಣಕ್ಕೆ ವಾಲುವಷ್ಟರಲ್ಲಿ ಕಟ್ಟೆಯ ಪಕ್ಕದಲ್ಲಿ ಏಳು ಸೊಟ್ಟ ಮೆಟ್ಟಿಲು ಎದ್ದಿದ್ದವು, ನೀರು ಅವುಗಳ ಮೇಲೆ ಧುಮುಕುತ್ತಿತ್ತು. ಮೊದಲ ಗೆಂಡೆ ಬಂತು. ಒಂದನೆಯದಕ್ಕೆ ನೆಗೆಯಿತು, ಎರಡನೆಯದಕ್ಕೆ, ಮೂರನೆಯದಕ್ಕೆ. ನಾಲ್ಕನೆಯದರಲ್ಲಿ ಎರಡು ಕಲ್ಲಿನ ನಡುವೆ ಅಡ್ಡ ಸಿಕ್ಕಿಕೊಂಡು ಕಿವಿರು ಬಡಿಯತೊಡಗಿತು. ಹಿಂದೆ ಬಂದವು ಅಲ್ಲೇ ನಿಂತವು.

"ಎತ್ತಿ ಬಿಡಮ್ಮ, ಸಾಯ್ತೈತೆ."

"ನಾನು ಮುಟ್ಟಂಗಿಲ್ಲ ಗೌಡ್ರೆ. ಹೊಸನೀರು ಬಂದ ಮೂರು ದಿನ ಬೆಸ್ತರ ಕೈ ಬಸುರಿ ಮೀನಿಗೆ ತಾಕಬಾರ್ದು. ಹಿರೇರ ಕಟ್ಲೆ."

ಪಂಚಾಕ್ಷರಪ್ಪ ಜಂಪಣ್ಣನ ಕಡೆ ನೋಡಿದ. ಜಂಪಣ್ಣ ಎರಡು ಹೆಜ್ಜೆ ಹಿಂದೆ ಸರಿದ.

ಹುಟ್ಟಿದಾಗಿನಿಂದ ಮೀನು ಮುಟ್ಟದ ಪಂಚಾಕ್ಷರಪ್ಪ ಪಂಚೆ ಎತ್ತಿ ಕಟ್ಟಿ ನೀರಿಗಿಳಿದ. ದಿನಾ ಬೆಳಿಗ್ಗೆ ಲಿಂಗವನ್ನಿಟ್ಟು ಪೂಜಿಸುವ ಎಡ ಅಂಗೈಯನ್ನೇ ಮೀನಿನ ಹೊಟ್ಟೆಯ ಕೆಳಗೆ ಚಾಚಿದ. ತಣ್ಣಗೆ, ಭಾರವಾಗಿತ್ತು, ಜೀವ ಮಿಡಿಯುವುದು ಕೈಗೆ ತಿಳಿಯುತ್ತಿತ್ತು. ಮೆಲ್ಲಗೆ ಎತ್ತಿ ಮೇಲಿನ ನೀರಿಗೆ ಬಿಟ್ಟ. ಅದು ಬಾಲ ಬಡಿದು, ಅವನ ವಿಭೂತಿಯ ಮೇಲೆಲ್ಲ ಕೆಂಪುನೀರು ಸಿಡಿಸಿ, ಉಳಿದ ಮೆಟ್ಟಿಲು ಹತ್ತಿ ಹೋಯಿತು.

ಜಂಪಣ್ಣ ಅಂಚಿಗೆ ಬಂದು ಬಗ್ಗಿದ. "ಬರ್ರಿ ಗೌಡ್ರೆ, ಮೈಲಿಗೆ ಆತು. ಮನೆಗೆ ಹೋಗಾಣ, ಸ್ನಾನಕ್ಕೆ ನೀರು ಕಾಸಿಡ್ತೀನಿ."

ಪಂಚಾಕ್ಷರಪ್ಪ ತಿರುಗಿ ನೋಡಲಿಲ್ಲ. ಅಂಗೈ ಮತ್ತೆ ನೀರಿನೊಳಗಿತ್ತು.

"ಅತ್ತ ಸರಿ ಜಂಪಣ್ಣ" ಎಂದ. "ನಿನ್ನ ನೆರಳು ಅವುಗಳ ಮೇಲೆ ಬೀಳ್ತೈತೆ."